ಸರ್ಕಾರಿ ಉದ್ಯೋಗ ತರಬೇತಿ: ಹಾಕಿದ ರೊಕ್ಕ ದಕ್ಕೇತೋ ಇಲ್ಲೋ, ಲೆಕ್ಕ ಹಾಕೂದು ಹೆಂಗ?

ಹಿರಣ್ಯಕೇಶಿ_ದಂಡಿ
ನಮಸ್ಕಾರ್ರಿ ಎಲ್ಲಾರಿಗೂ. ಜಿಲ್ಲಾ ಕೌಶಲ ಸಮಿತಿ ಮುಂದ ಇಡಾಕ ಒಂದು ಟಿಪ್ಪಣಿ ಬೇಕಾಗೇತಿ. ಎರಡು ಸರ್ಕಾರಿ ತರಬೇತಿ ಹೋಲಿಸಬೇಕು. ಒಂದು, ಗೋಕಾಕ ಕಡೆ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಹೊಲಿಗಿ. ಇನ್ನೊಂದು, ಬೆಳಗಾವಿಯೊಳಗ ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯೋ ಲೋಹ ಕೊರೆಯೋ ಮಷೀನು) ಆಪರೇಟರ್ ಕೋರ್ಸ್. ಹೊಲಿಗಿಗೆ ತಲಾ ಖರ್ಚು ಕಡಿಮಿ, ಕಾಗದದ ಮ್ಯಾಲೆ ಪ್ಲೇಸ್‌ಮೆಂಟೂ ಜಾಸ್ತಿ. ಸಿಎನ್‌ಸಿಗೆ ಖರ್ಚು ಎರಡು ಪಟ್ಟಿಗಿಂತ ಹೆಚ್ಚು, ಪ್ಲೇಸ್‌ಮೆಂಟ್ ಕಡಿಮಿ. ಹಂಗಾರ ಸಿಎನ್‌ಸಿ ಬಂದ್ ಮಾಡಿ ಆ ರೊಕ್ಕ ಹೊಲಿಗಿಗೆ ಹಾಕ್ರಿ ಅನ್ನೂದು ಒಂದು ವಾದ. ಇಷ್ಟರ ಮ್ಯಾಲೆ ತೀರ್ಮಾನ ಮಾಡೂದು ಸರಿ ಏನ್ರಿ? ಯಾವ್ಯಾವ ಖರ್ಚು ಹಿಡೀಬೇಕು, ಯಾವುದರಿಂದ ಭಾಗಸಬೇಕು, ತಿಳಿದವರು ಬಿಡಿಸಿ ಹೇಳ್ರಿ.

ಖಾತೆಪುಸ್ತಕ
ಮೊದಲು ಯಾವುದರಿಂದ ಭಾಗಿಸುತ್ತೀರಿ ಅನ್ನೋದನ್ನ ಗಟ್ಟಿ ಮಾಡಿಕೊಳ್ಳಿ. ತಿಳಿಯಲಿ ಅಂತ ಒಂದು ಕಲ್ಪಿತ ಬ್ಯಾಚ್ ಹಿಡಿಯೋಣ. 30 ಮಂದಿ ಸೇರಿದರು, 24 ಮಂದಿ ಪ್ರಮಾಣಪತ್ರ ಪಡೆದರು, ಮೂರು ತಿಂಗಳಲ್ಲಿ 18 ಮಂದಿಗೆ ಕೆಲಸ ಸಿಕ್ಕಿತು, ವರ್ಷದ ಕೊನೆಗೆ ಅದೇ ಕೆಲಸದಲ್ಲಿ ಉಳಿದವರು 9. ತಲಾ 20,000 ರೂಪಾಯಿಯಂತೆ ಒಟ್ಟು 6 ಲಕ್ಷ.

ಸೇರಿದವರಿಗೆ ಭಾಗಿಸಿದರೆ 20,000. ಪ್ರಮಾಣಪತ್ರಕ್ಕೆ 25,000. ಕೆಲಸಕ್ಕೆ ಸೇರಿದವರಿಗೆ 33,333. ವರ್ಷ ನಿಂತವರಿಗೆ 66,667. ಬ್ಯಾಚ್ ಒಂದೇ, ಉತ್ತರ ನಾಲ್ಕು. ನಿಮ್ಮ ಹಾಳೆಯಲ್ಲಿ ಹೊಲಿಗೆಯ 'ಪ್ಲೇಸ್‌ಮೆಂಟ್' ಅಂದರೆ ಆಫರ್ ಲೆಟರ್ ಬಂದದ್ದೋ, ಮೂರು ತಿಂಗಳ ಸಂಬಳ ಬಂದದ್ದೋ? ಸಿಎನ್‌ಸಿಗೂ ಅದೇ ಅಳತೆ ಹಿಡಿದಿದ್ದಾರೋ? ಇದು ಗೊತ್ತಾಗದೆ ಮುಂದಕ್ಕೆ ಹೋಗಬೇಡಿ.

ನಡುಗೆರೆ
ಖಾತೆಪುಸ್ತಕ ಅವರು ಹೇಳಿದ ನಾಲ್ಕೂ ಅಂಕಿಗಳು ಬೇಕು, ಆದರೆ ನಾಲ್ಕರಲ್ಲಿ ಒಂದೂ ತರಬೇತಿಯ ಫಲ ಅಲ್ಲ. ತರಬೇತಿ ಇಲ್ಲದೆಯೂ ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಗುತ್ತಿತ್ತು ಅನ್ನೋದನ್ನ ಕಳೆಯಬೇಕು.

ಅದೇ ಬ್ಯಾಚ್ ನೋಡಿ. ವರ್ಷದ ಕೊನೆಗೆ 9 ಮಂದಿ ಹಳೇ ಜಾಗದಲ್ಲಿ, 6 ಮಂದಿ ಬೇರೆ ಕೆಲಸದಲ್ಲಿ, ಒಟ್ಟು 15 ಮಂದಿ ದುಡಿಯುತ್ತಿದ್ದಾರೆ ಅನ್ನಿ. ಅದೇ ಊರು, ಅದೇ ವಯಸ್ಸು, ಅದೇ ಓದು, ಅರ್ಜಿ ಹಾಕಿಯೂ ಸೀಟು ಸಿಗದ 30 ಮಂದಿಯಲ್ಲಿ 12 ಮಂದಿ ದುಡಿಯುತ್ತಿದ್ದರೆ, ತರಬೇತಿ ತಂದ ಹೆಚ್ಚಳ 3 ಕೆಲಸ ಮಾತ್ರ. 6 ಲಕ್ಷ ಭಾಗಿಸು 3, ಅಂದರೆ ಹೆಚ್ಚುವರಿ ಕೆಲಸವೊಂದಕ್ಕೆ 2 ಲಕ್ಷ. ಹೋಲಿಸಬೇಕಾದ್ದು ಈ ಅಂಕಿಯನ್ನ.

ನೇರನುಡಿ
ಅಲ್ರಿ, 6 ಲಕ್ಷ ಎಲ್ಲಿಂದ ಬಂತು? ತರಬೇತಿ ಸಂಸ್ಥೆಗೆ ಪೂರ್ತಿ ರೊಕ್ಕ ಯಾರೂ ಕೊಡೂದಿಲ್ಲ. 2015ರ ಕೇಂದ್ರದ ಸಾಮಾನ್ಯ ಮಾನದಂಡದ ಪ್ರಕಾರ ಶುರುವಿಗೆ 30%, ಪ್ರಮಾಣಪತ್ರ ಬಂದ ಮ್ಯಾಲೆ 50%, ಕೆಲಸ ಕೊಡಿಸಿದ ಮ್ಯಾಲೆ 20%. ಬಿಟ್ಟು ಹೋದವರ ಮ್ಯಾಲೆ ಸರ್ಕಾರ ಪೂರ್ತಿ ಕಳಕೊಳ್ಳೂದಿಲ್ಲ.

ಖಾತೆಪುಸ್ತಕ
ಒಪ್ಪಿದೆ, ಕಂತಿನ ಲೆಕ್ಕವೇ ಸರಿ. 30 ಮಂದಿಗೆ ತಲಾ 6,000, ಅಂದರೆ 1,80,000. 24 ಮಂದಿಗೆ ತಲಾ 10,000, ಅಂದರೆ 2,40,000. ಪಾಸಾದ 24ರಲ್ಲಿ 18, ಅಂದರೆ 75% ಕೆಲಸಕ್ಕೆ ಸೇರಿದ್ದರಿಂದ ಕೊನೆಯ ಕಂತು ಪೂರ್ತಿ, 96,000. ಒಟ್ಟು 5,16,000. ನಡುಗೆರೆಯವರ ಲೆಕ್ಕದಲ್ಲಿ ಹೆಚ್ಚುವರಿ ಕೆಲಸವೊಂದಕ್ಕೆ 1,72,000.

ಆದರೆ ಇದು ಸಂಸ್ಥೆಗೆ ಹೋದ ಹಣ ಅಷ್ಟೇ. ಅಭ್ಯರ್ಥಿಗಳನ್ನ ಹುಡುಕಿದ ಖರ್ಚು, ಪರೀಕ್ಷಾ ಶುಲ್ಕ, ವಸತಿ ಇದ್ದರೆ ಊಟ, ಹಾಸಿಗೆ, ವಾರ್ಡನ್ ಸಂಬಳ, ಮೇಲ್ವಿಚಾರಣೆಯ ಸಿಬ್ಬಂದಿ, ಪ್ಲೇಸ್‌ಮೆಂಟ್ ನಂತರ ಕೊಡುವ ನೆರವಿನ ಹಣ, ಇವು ಬೇರೆ ಬೇರೆ ತಲೆಬರಹದಲ್ಲಿ ಕೂತಿರುತ್ತವೆ. ಸರ್ಕಾರಿ ಕಟ್ಟಡದಲ್ಲಿ ನಡೆದರೆ ಬಾಡಿಗೆ ಸೊನ್ನೆ ಅಂತ ಬರೆದಿರುತ್ತಾರೆ, ಅದು ತಪ್ಪು. ಅದೇ ಓಣಿಯಲ್ಲಿ ಅಷ್ಟು ಜಾಗಕ್ಕೆ ಏನು ಬಾಡಿಗೆ ಇದೆಯೋ ಅದನ್ನ ಹಿಡಿಯಿರಿ.

ಉದ್ಯಮಬಾಗ_ಲೇತ್
ಸಿಎನ್‌ಸಿ ತುಟ್ಟಿ ಅನ್ನೋರು ಮಷೀನಿನ ರೊಕ್ಕ ಹೆಂಗ ಹಂಚ್ಯಾರ ಅನ್ನೂದು ಕೇಳ್ರಿ. ಪೂರ್ತಿ ಬೆಲಿ ಮೊದಲನೇ ವರ್ಷದ ಖರ್ಚಿಗೆ ಹಾಕಿದ್ರ ಯಾವ ಕೋರ್ಸೂ ಬದುಕೂದಿಲ್ಲ.

ಮಷೀನು 20 ಲಕ್ಷ, ಆಯುಷ್ಯ 10 ವರ್ಷ, ಬಡ್ಡಿ 8% ಹಿಡಿದ್ರ ವರ್ಷದ ಪಾಲು ಸುಮಾರು 2,98,000. ವರ್ಷಕ್ಕ 20 ಮಂದಿಯ ಮೂರು ಬ್ಯಾಚ್ ನಡೆದ್ರ ತಲಾ 5,000ದ ಒಳಗ ಬರ್ತೈತಿ. ಅದೇ ಮಷೀನಿನ ಮ್ಯಾಲೆ 12 ಮಂದಿಯ ಎರಡ ಬ್ಯಾಚ್ ನಡೆದ್ರ ತಲಾ 12,400. ಅಂದ್ರ ಖರ್ಚು ಹೆಚ್ಚಿಗಿ ಆಗಿದ್ದು ಕೋರ್ಸಿನ ಗುಣದಿಂದಲ್ಲ, ಸೀಟು ಖಾಲಿ ಉಳಿದಿದ್ದರಿಂದ.

ಇನ್ನೊಂದು ಉಲ್ಟಾನೂ ಐತಿ. ಇನ್ಸರ್ಟು, ಕೂಲಂಟು, ಎಂಎಸ್ ರಾಡು, ಮೈಕ್ರೋಮೀಟರ್, ತ್ರೀ ಫೇಸ್ ಕರೆಂಟು, ಇವುಗಳ ಖರ್ಚು ಉಳಿಸಿದ ಕೇಂದ್ರ ಕಾಗದದ ಮ್ಯಾಲೆ ಅಗ್ಗ ಕಾಣ್ತೈತಿ. ಹುಡುಗರು ಸಿಮ್ಯುಲೇಟರ್ ಮ್ಯಾಲೆ ಪ್ರೋಗ್ರಾಂ ಓಡಿಸ್ತಾರ, ಆದ್ರ ಶಾಪಿಗೆ ಹೋದ ಮ್ಯಾಲೆ ಟೂಲ್ ಆಫ್‌ಸೆಟ್ (ಟೂಲಿನ ಅಳತಿ ಮಷೀನಿಗೆ ಕೊಡೂದು) ಹಾಕಾಕ ಬರೂದಿಲ್ಲ, ಮೊದಲನೇ ಪೀಸು ಅಳತಿಗೆ ತರಾಕ ಆಗೂದಿಲ್ಲ. ಮಾಲಕರು ಹೆಲ್ಪರ್ ಪಗಾರಕ್ಕ ಕೂಡಸ್ತಾರ. ಹಾಳೆಯೊಳಗ ಮಾತ್ರ 'ಆಪರೇಟರ್, ಪ್ಲೇಸ್ಡ್'.

ಹಿರಣ್ಯಕೇಶಿ_ದಂಡಿ
ಪ್ಲೇಸ್‌ಮೆಂಟ್ ಖರೇ ಐತೋ ಇಲ್ಲೋ ಇಪಿಎಫ್ (ಭವಿಷ್ಯ ನಿಧಿ) ನಂಬರಿನಿಂದ ತಾಳೆ ಹಾಕಿದ್ರ ಸಾಕಲ್ರಿ?

ಉದ್ಯಮಬಾಗ_ಲೇತ್
ಸಾಲೂದಿಲ್ರಿ. ಇಪಿಎಫ್ ಹತ್ತೂದು 20 ಮಂದಿ, ಇಲ್ಲಾ ಅದಕ್ಕಿಂತ ಹೆಚ್ಚು ಇದ್ದ ಕಡೆ. ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದೊಳಗ ಜಾಬ್‌ವರ್ಕ್ ಶಾಪ್ ಅಂದ್ರ ಹತ್ತ-ಹದಿನೈದ ಮಂದಿ. ಅಲ್ಲಿ ಚಲೋ ಪಗಾರ ತಗೊಳ್ಳೋ ಟರ್ನರ್ ಕೂಡ ಇಪಿಎಫ್ ಪಟ್ಟಿಯೊಳಗ ಕಾಣೂದಿಲ್ಲ. 10 ಮಂದಿ ಇದ್ರ ಇಎಸ್‌ಐ (ನೌಕರರ ವಿಮೆ) ಐತಿ, ಅದೂ ಪಗಾರ 21,000 ದಾಟಿದ್ರ ಇಲ್ಲ. ಬರೀ ಇಪಿಎಫ್ ನೋಡಿದ್ರ ದೊಡ್ಡ ಗಾರ್ಮೆಂಟ್ ಫ್ಯಾಕ್ಟರಿಗೆ ಕಳಿಸಿದ ಹೊಲಿಗಿ ಬ್ಯಾಚ್ ಗೆಲ್ತೈತಿ, ಸಿಎನ್‌ಸಿ ಬ್ಯಾಚ್ ಸೋಲ್ತೈತಿ. ಇಪಿಎಫ್, ಇಎಸ್‌ಐ, ಬ್ಯಾಂಕ್ ಪಾಸ್‌ಬುಕ್ಕಿನ ಮೂರು ತಿಂಗಳ ಜಮಾ, ಮೂರೂ ನೋಡ್ರಿ. ಕೈಯಾಗ ಪಗಾರ ಕೊಡೋ ಕಡೆ ಶಾಪಿಗೇ ಹೋಗಿ ಹಾಜರಿ ಪುಸ್ತಕ ನೋಡೂದು ಒಂದೇ ದಾರಿ.

ನೇರನುಡಿ
ನನ್ನ ತಕರಾರು ಬೇರೆ ಐತಿ. ಈ 'ಇಲ್ಲದಿದ್ದರ ಏನಾಗ್ತಿತ್ತು' ಅನ್ನೂದು ಪುಸ್ತಕದ ಮಾತು. ಆಡಳಿತಕ್ಕ ಬೇಕಾದ್ದು ಹಿಡಿದು ಕೇಳಬಹುದಾದ ಅಂಕಿ. 70% ಕೆಲಸಕ್ಕ ಹಚ್ಚು, ಇಲ್ಲಂದ್ರ ರೊಕ್ಕ ಇಲ್ಲ. ಅದು ಸ್ಪಷ್ಟ ಐತಿ, ಸಂಸ್ಥೆಯವರಿಗೂ ತಿಳೀತೈತಿ.

ನಡುಗೆರೆ
ಸ್ಪಷ್ಟ ಇದೆ, ಅದಕ್ಕೇ ಅಪಾಯವೂ ಇದೆ. ಆ ನಿಯಮ ನೋಡಿ: 70% ಮುಟ್ಟಿದರೆ ಕೊನೆಯ ಕಂತು ಪೂರ್ತಿ, 50ರಿಂದ 69 ಇದ್ದರೆ ಅನುಪಾತದಷ್ಟು, 50ಕ್ಕಿಂತ ಕೆಳಗಾದರೆ ಏನೂ ಇಲ್ಲ. ಸಂಸ್ಥೆ ಏನು ಮಾಡುತ್ತದೆ? ಹೇಗಿದ್ದರೂ ಕೆಲಸ ಸಿಗುವವರನ್ನೇ ಆರಿಸಿಕೊಳ್ಳುತ್ತದೆ: ಪಿಯುಸಿ ಪಾಸಾದವರು, ಬೈಕ್ ಇದ್ದವರು, ಊರು ಬಿಟ್ಟು ಹೋಗಲು ತಯಾರಿದ್ದವರು. ಪ್ಲೇಸ್‌ಮೆಂಟ್ 80% ಬರುತ್ತದೆ, ತರಬೇತಿಯ ಹೆಚ್ಚಳ ಸೊನ್ನೆಯ ಹತ್ತಿರ. ಎಸ್ಸೆಸ್ಸೆಲ್ಸಿ ಬಿಟ್ಟ, ಕಬ್ಬು ಕಡಿಯಲು ಹೋಗುವ ಮನೆಯ ಹುಡುಗಿಯನ್ನ ಸೇರಿಸಿಕೊಂಡ ಕೇಂದ್ರಕ್ಕೆ 45% ಬಂದು ಕೊನೆಯ ಕಂತು ತಪ್ಪುತ್ತದೆ. ಆ ಹುಡುಗಿಗೆ ತರಬೇತಿ ಇಲ್ಲದಿದ್ದರೆ ಸಿಗುತ್ತಿದ್ದ ಅವಕಾಶ ಬಹಳ ಕಡಿಮೆ, ಆದ್ದರಿಂದ ಹೆಚ್ಚಳ ಅಲ್ಲೇ ಜಾಸ್ತಿ. ನಾವು ಶಿಕ್ಷೆ ಕೊಡುತ್ತಿರುವುದು ಅಂಥ ಕೇಂದ್ರಕ್ಕೆ. ಇದು ಬರೀ ಪುಸ್ತಕದ ಮಾತಲ್ಲ, ಯಾರಿಗೆ ಸೀಟು ಸಿಗುತ್ತದೆ ಅನ್ನೋದೇ ಇದರ ಮೇಲೆ ನಿಂತಿದೆ.

ಘಟಪ್ರಭಾ_ಎಡದಂಡಿ
👆 ಇದನ್ನ ಸಮಿತಿ ಮುಂದ ಹಂಗ ಓದ್ರಿ.

ಹಂಗಾಮಿ
ತರಬೇತಿಗೆ ಮುಂಚೆ ಎಷ್ಟು ದುಡಿಯುತ್ತಿದ್ದರು, ಆಮೇಲೆ ಎಷ್ಟು, ಅಂತ ಹೋಲಿಸುವವರೂ ಇದ್ದಾರೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಅದು ಇನ್ನೂ ಕೆಟ್ಟ ಅಳತೆ. ಕಬ್ಬು ನುರಿಸುವ ಹಂಗಾಮು ದೀಪಾವಳಿ ಸುತ್ತ ಶುರುವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆ ಆಮೇಲೆ ಕೈಗೆ ಕೆಲಸ ಕಡಿಮೆ. ಮೇ-ಜೂನ್‌ನಲ್ಲಿ ತರಬೇತಿಗೆ ಅರ್ಜಿ ಬರುವುದೂ ಆ ಕಾರಣಕ್ಕೆ. ಆಗ ಆದಾಯ ಕೇಳಿದರೆ ತಳ ಮುಟ್ಟಿರುತ್ತದೆ. ಡಿಸೆಂಬರ್‌ನಲ್ಲಿ ಮತ್ತೆ ಕೇಳಿದರೆ ತರಬೇತಿ ಪಡೆದವರದ್ದೂ ಏರಿರುತ್ತದೆ, ಪಡೆಯದವರದ್ದೂ ಏರಿರುತ್ತದೆ. ಆ ಏರಿಕೆಯನ್ನೆಲ್ಲ ತರಬೇತಿಯ ಖಾತೆಗೆ ಬರೆದುಕೊಳ್ಳುತ್ತಾರೆ.

ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ಆಶೆನ್‌ಫೆಲ್ಟರ್ 1978ರಲ್ಲಿ ತೋರಿಸಿದ ಸಂಗತಿ ಇದೇ: ಜನ ತರಬೇತಿಗೆ ಬರುವುದು ಆದಾಯ ಕುಸಿದಾಗ, ಆ ಕುಸಿತ ತರಬೇತಿ ಇಲ್ಲದೆಯೂ ಸ್ವಲ್ಪ ಮೇಲೇಳುತ್ತದೆ.

ಗುಮ್ಮಟನಗರಿ
ವಿಜಯಪುರದಾಗ ದ್ರಾಕ್ಷಿ ಕಟಾವು, ಒಣದ್ರಾಕ್ಷಿ ಕೆಲಸ ಫೆಬ್ರವರಿಯಿಂದ ಏಪ್ರಿಲ್ ತನಕ ಅದ. ಆ ಸುಗ್ಗಿಯೊಳಗ ಒಂದು ಸಲ, ಮಳಿಗಾಲದಾಗ ಒಂದು ಸಲ ಕೇಳಿದ್ರ ತರಬೇತಿಯಿಂದ ಗಳಿಕಿ ಬಿತ್ತು ಅನ್ನೋ ಉತ್ತರಾನೂ ಬರಬಹುದು. ಒಂದು ತಿಂಗಳ ಗಳಿಕಿ ಕೇಳಬ್ಯಾಡ್ರಿ. ಹಿಂದಿನ 12 ತಿಂಗಳು, ಒಂದೊಂದು ಹಂಗಾಮು ಹಿಡಿದು ಎಷ್ಟು ದಿನ ಕೆಲಸ, ದಿನಕ್ಕ ಎಷ್ಟು ಅಂತ ಕೇಳ್ರಿ.

ಕೊಂಡಿಮಗ್ಗ
ನೇಕಾರಿಕೆಯ ಬಗ್ಗೆ ಒಂದು ಮಾತು. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆ ಕೊಡುವ ಪ್ರಮಾಣಪತ್ರಗಳಲ್ಲಿ ಹೊಸದಾಗಿ ಕಲಿತವರು ಎಷ್ಟು, ಮೊದಲೇ ಬಲ್ಲವರು ಎಷ್ಟು ಅಂತ ಬೇರೆ ಮಾಡಿ. ಹಳೆಯ ಕಸುಬುದಾರರಿಗೆ ಆರ್‌ಪಿಎಲ್ (ಮೊದಲೇ ಇರುವ ಕೌಶಲಕ್ಕೆ ಮನ್ನಣೆ) ಅಂತ ಕೆಲವೇ ಗಂಟೆಗಳ ಪರಿಚಯ ಕೊಟ್ಟು, ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತಾರೆ. ಖರ್ಚು ಬಹಳ ಕಡಿಮೆ. ಅದನ್ನ ಮೂರು ತಿಂಗಳ ತರಬೇತಿಯ ಜೊತೆ ಕೂಡಿಸಿ ಸರಾಸರಿ ತೆಗೆದರೆ ಇಡೀ ಯೋಜನೆ ಅಗ್ಗ ಕಾಣುತ್ತದೆ. ಇಪ್ಪತ್ತು ವರ್ಷದಿಂದ ಕುಣಿಮಗ್ಗದಲ್ಲಿ ಕೂತವರಿಗೆ ಕಾಗದ ಸಿಕ್ಕಿದ ಮಾತ್ರಕ್ಕೆ ಹೊಸ ಕೆಲಸ ಹುಟ್ಟಲಿಲ್ಲ. ಅವರಿಗೆ ಕೇಳಬೇಕಾದ ಪ್ರಶ್ನೆ: ಒಂದು ಸೀರೆಗೆ ಸಿಗುವ ಮಜೂರಿ ಏರಿತೇ, ಸಾಲ ಸಿಕ್ಕಿತೇ?

ಘಟಪ್ರಭಾ_ಎಡದಂಡಿ
ಇಳಕಲ್ ಸೀರಿಯ ಕೊಂಡಿ ಹಾಕೂದು ಮೂರು ತಿಂಗಳದಾಗ ಬರ್ತೈತೇನ್ರಿ?

ಕೊಂಡಿಮಗ್ಗ
ಮೈ ಹಾಸು, ಸೆರಗಿನ ಹಾಸು ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುವುದು ನೋಡಿದರೆ ತಿಳಿಯುತ್ತದೆ. ಕೈಗೆ ವೇಗ ಬರಲು ಮೂರು ತಿಂಗಳು ಸಾಲದು. ಮಜೂರಿ ಪೀಸಿನ ಲೆಕ್ಕ ಆದ್ದರಿಂದ ವೇಗ ಬರುವ ತನಕ ಗಳಿಕೆ ಕಡಿಮೆಯೇ. ಮೂರನೇ ತಿಂಗಳಿಗೆ ಅಳೆದರೆ ಈ ತರಬೇತಿ ಸೋತಂತೆ ಕಾಣುತ್ತದೆ, ಎರಡನೇ ವರ್ಷ ಅಳೆದರೆ ಬೇರೆ ಉತ್ತರ ಬರಬಹುದು.

ನಡುಗೆರೆ
ಕಾಲದ ಬಗ್ಗೆ ಹೇಳಿದ್ದು ಮುಖ್ಯ. ಕಾರ್ಡ್, ಕ್ಲೂವ್, ವೆಬರ್ ಅನ್ನೋ ಅರ್ಥಶಾಸ್ತ್ರಜ್ಞರು 2018ರಲ್ಲಿ 200ಕ್ಕೂ ಹೆಚ್ಚು ಮೌಲ್ಯಮಾಪನಗಳನ್ನ ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ಇಂಥ ಕಾರ್ಯಕ್ರಮಗಳ ಫಲ ಮೊದಲ ವರ್ಷದಲ್ಲಿ ಸೊನ್ನೆಯ ಹತ್ತಿರ, ಎರಡು-ಮೂರು ವರ್ಷದ ನಂತರ ಚೆನ್ನಾಗಿ ಕಾಣುತ್ತದೆ. ಆರ್‌ಸೆಟಿ (ಗ್ರಾಮೀಣ ಸ್ವ-ಉದ್ಯೋಗ ತರಬೇತಿ) ಕೇಂದ್ರಗಳು ಕಲಿತವರನ್ನ ಎರಡು ವರ್ಷ ಹಿಂಬಾಲಿಸುವ ಪದ್ಧತಿ ಇಟ್ಟುಕೊಂಡಿವೆ, ಉಳಿದವರೂ ಅಷ್ಟಾದರೂ ಮಾಡಬೇಕು.

ಹಿರಣ್ಯಕೇಶಿ_ದಂಡಿ
ಹೊಲಿಗಿ ಬಗ್ಗೆ ಹಿಂಗ ಗಟ್ಟಿ ಅಧ್ಯಯನ ಏನರ ಐತೇನ್ರಿ?

ಸೂಜಿದಾರ
ದಿಲ್ಲಿಯ ಕೊಳೆಗೇರಿಗಳಲ್ಲಿ ಆರು ತಿಂಗಳ ಹೊಲಿಗೆ ತರಬೇತಿಯ ಮೇಲೆ ಮೈತ್ರಾ ಮತ್ತು ಮಣಿ ಅವರದ್ದು ಇದೆ, 2017ರಲ್ಲಿ ಪ್ರಕಟವಾದದ್ದು. ಅರ್ಜಿದಾರರಲ್ಲಿ ಯಾರಿಗೆ ಸೀಟು ಅನ್ನೋದನ್ನ ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಸೀಟು ಸಿಕ್ಕವರಲ್ಲಿ ಉದ್ಯೋಗವೂ ಗಳಿಕೆಯೂ ಹೆಚ್ಚಿತು, 18 ತಿಂಗಳ ನಂತರವೂ ಉಳಿಯಿತು. ಅಡ್ಡಿಯಾದದ್ದು ಹಣದ ಮುಗ್ಗಟ್ಟು, ಕೇಂದ್ರದ ದೂರ, ಮಕ್ಕಳನ್ನ ನೋಡಿಕೊಳ್ಳುವವರು ಇಲ್ಲದ್ದು. ಗೋಕಾಕ ಕಡೆಯ ಹಳ್ಳಿಗಳಲ್ಲಿ ಬಸ್ಸಿನ ಸಮಯಕ್ಕೆ ತರಗತಿ ಹೊಂದಿಸಿ, ಕೂಸಿನ ಮನೆ (ಪಂಚಾಯಿತಿಯ ಶಿಶುಪಾಲನಾ ಕೇಂದ್ರ) ಹತ್ತಿರ ಇರುವ ಜಾಗ ಆರಿಸಿದರೆ ಬಿಟ್ಟು ಹೋಗುವವರು ಕಡಿಮೆಯಾಗುತ್ತಾರೆ. ಆ ಖರ್ಚನ್ನೂ ಲೆಕ್ಕಕ್ಕೆ ಹಾಕಿ, ಆದರೆ ಮಾಡಿ.

ಹೊಲಿಗೆಯಲ್ಲಿ ಗಳಿಕೆ ಕೇಳುವಾಗ ಬಂದ ಹಣ ಬರೆದುಕೊಳ್ಳಬೇಡಿ. ದಾರ, ಲೈನಿಂಗ್ ಬಟ್ಟೆ, ಹುಕ್ಕು, ಕರೆಂಟು, ಮಷೀನಿನ ಕಂತು ಕಳೆದು ಉಳಿದದ್ದು ಬೇಕು. ಲಗ್ನದ ಹಂಗಾಮಿನ ಬ್ಲೌಸಿನ ಆರ್ಡರನ್ನೇ ವರ್ಷದ ಸರಾಸರಿ ಅಂದುಕೊಳ್ಳಬೇಡಿ.

ನೇರನುಡಿ
ಚೀಟಿ ಎತ್ತೂದು ಅನ್ಯಾಯ ಅಲ್ಲೇನ್ರಿ? ಬಡವರಿಗೆ ಸೀಟು ಕೊಡೂದು ಬಿಟ್ಟು ಪ್ರಯೋಗ ಮಾಡೂದು?

ನಡುಗೆರೆ
ಅರ್ಜಿ 90, ಸೀಟು 30 ಇದ್ದಾಗ 60 ಮಂದಿಗೆ ಹೇಗಿದ್ದರೂ ಸೀಟಿಲ್ಲ. ಈಗ ಯಾರಿಗೆ ಸಿಗುತ್ತದೆ? ಮೊದಲು ಬಂದವರಿಗೆ, ಇಲ್ಲವೇ ವಶೀಲಿ ಇದ್ದವರಿಗೆ. ಅರ್ಹರ ಪಟ್ಟಿ ಮಾಡಿ, ಮೀಸಲಾತಿ ಗುಂಪುವಾರು ಚೀಟಿ ಎತ್ತಿದರೆ ಎಲ್ಲರಿಗೂ ಸಮಾನ ಅವಕಾಶ, ನಮಗೆ ನಂಬಬಹುದಾದ ಹೋಲಿಕೆ. ಉಳಿದ 60 ಮಂದಿಯನ್ನ ಮುಂದಿನ ವರ್ಷ ಸೇರಿಸಿಕೊಳ್ಳುವುದಾದರೆ ಒಂದು ವರ್ಷದ ಫಲವನ್ನಷ್ಟೇ ಅಳೆಯಲು ಸಾಧ್ಯ, ಅದನ್ನ ಮೊದಲೇ ತಿಳಿದಿರಿ. 1986ರಲ್ಲಿ ಲಾಲೊಂಡ್ ಅಮೆರಿಕದ ಒಂದು ಕಾರ್ಯಕ್ರಮದ ಚೀಟಿ ಆಧಾರದ ಫಲವನ್ನ, ಸಮೀಕ್ಷೆಗಳಿಂದ ಆರಿಸಿದ ಗುಂಪಿನ ಜೊತೆ ಹೋಲಿಸಿ ಬಂದ ಫಲದ ಪಕ್ಕ ಇಟ್ಟು ನೋಡಿದ. ಎರಡೂ ಬಹಳ ಬೇರೆ ಬೇರೆ ಬಂದವು.

ಖಾತೆಪುಸ್ತಕ
ಐಟಿಐಗಳಿಗೆ ಚೀಟಿ ಎತ್ತಲಾಗದು, ಅಂಕದ ಮೇಲೆ ಸೀಟು. ಅಲ್ಲಿ ಕಟಾಫ್‌ನ ತುಸು ಮೇಲೆ ಇದ್ದವರನ್ನ ತುಸು ಕೆಳಗೆ ಇದ್ದವರ ಜೊತೆ ಹೋಲಿಸಬಹುದು. ತೊಡಕು ಏನಂದರೆ ಟ್ರೇಡಿಗೊಂದು, ವರ್ಗಕ್ಕೊಂದು ಕಟಾಫ್, ಒಂದೊಂದರ ಸುತ್ತ ಸಿಗುವವರು ನಾಲ್ಕೈದು ಮಂದಿ. ಹಲವು ವರ್ಷ, ಹಲವು ಐಟಿಐ ಕೂಡಿಸಬೇಕು. ಸೀಟು ತಪ್ಪಿದವರು ಖಾಸಗಿ ಐಟಿಐ ಸೇರಿದ್ದರೆ ಹೋಲಿಕೆ ಇನ್ನೊಂದು ತರಬೇತಿಯ ಜೊತೆ ಆಗುತ್ತದೆ.

ಹಂಗಾಮಿ
ನಡುಗೆರೆಯವರೇ, 30 ಮಂದಿಯ ಬ್ಯಾಚಿನಲ್ಲಿ 3 ಕೆಲಸದ ಹೆಚ್ಚಳ ಅನ್ನೋದು ಉದಾಹರಣೆಗೆ ಸರಿ, ತೀರ್ಮಾನಕ್ಕೆ ಸಾಲದು. ಅಷ್ಟು ಏರುಪೇರು ಅದೃಷ್ಟದಿಂದಲೇ ಬರುತ್ತದೆ.

ನಡುಗೆರೆ
ನಿಜ. 40% ಇದ್ದದ್ದು 50% ಆಯಿತೇ ಅಂತ ನಂಬಿಕೆಯಿಂದ ಹೇಳಲು ಒಂದೊಂದು ಗುಂಪಿಗೆ ಸುಮಾರು 385 ಮಂದಿ ಬೇಕು. ಇದು 5% ಮಹತ್ವ ಮಟ್ಟ (ಇಲ್ಲದ ಫಲವನ್ನ ಇದೆ ಅನ್ನುವ ಅಪಾಯ), 80% ಸಾಮರ್ಥ್ಯದ (ಇರುವ ಫಲ ಕಣ್ಣಿಗೆ ಬೀಳುವ ಸಾಧ್ಯತೆ) ಲೆಕ್ಕ. ವಿಳಾಸ ಸಿಗದವರಿಗಾಗಿ ಇನ್ನೂ 100 ಮಂದಿ ಸೇರಿಸಿ. ಮೆಕೆಂಜಿ 2017ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಅಧ್ಯಯನಗಳನ್ನ ಕೂಡಿಸಿದಾಗ ವೃತ್ತಿ ತರಬೇತಿಯ ಸರಾಸರಿ ಹೆಚ್ಚಳ ನೂರಕ್ಕೆ ಸುಮಾರು ಎರಡು ಕೆಲಸ. 40%ನಿಂದ 42% ಪತ್ತೆ ಹಚ್ಚಲು ಒಂದೊಂದು ಗುಂಪಿಗೆ 9,500 ಮಂದಿ ಬೇಕು. ಅದು ಒಂದು ಜಿಲ್ಲೆಯ ಕೈಮೀರಿದ್ದು, ರಾಜ್ಯ ಮಟ್ಟದಲ್ಲೇ ಮಾಡಬೇಕು. ಜಿಲ್ಲೆಯಲ್ಲಿ ಖರ್ಚಿನ ಲೆಕ್ಕ, ಕೆಲಸದಲ್ಲಿ ನಿಲ್ಲುವ ಪ್ರಮಾಣ, ಬಿಟ್ಟು ಹೋಗುವ ಕಾರಣ ಚೆನ್ನಾಗಿ ಹಿಡಿಯಬಹುದು.

ಉದ್ಯಮಬಾಗ_ಲೇತ್
ಇನ್ನೊಂದು ಬಿಟ್ರಿ. ಹತ್ತ ಶಾಪಿನಾಗ ಹತ್ತ ಜಾಗ ಖಾಲಿ ಅದಾವು. ತರಬೇತಿ ಆದ ಹತ್ತ ಮಂದಿ ತುಂಬಿದ್ರ, ಸುಮ್ಮನ ಬಂದ ಹತ್ತ ಮಂದಿ ಮನಿಗೆ ಹೋದ್ರು. ಊರಿಗೆ ಹೆಚ್ಚಾದ ಕೆಲಸ ಎಷ್ಟು? ಆದ್ರ ಮಾಲಕರು ಆಳು ಸಿಗದ್ದಕ್ಕ ಎರಡನೇ ಪಾಳಿ ಬಂದ್ ಇಟ್ಟಿದ್ರ, ತರಬೇತಿ ಆದವರು ಬಂದಿದ್ದಕ್ಕ ಪಾಳಿ ಶುರು ಆದ್ರ, ಅದು ಖರೇ ಹೆಚ್ಚಳ. ಶಾಪಿಗೆ ಹೋದಾಗ ಪಾಳಿ ಎಷ್ಟು, ಜಾಗ ಎಷ್ಟು ದಿನ ಖಾಲಿ ಇತ್ತು, ಎರಡೂ ಕೇಳ್ರಿ.

ನಡುಗೆರೆ
ಬಹಳ ಸರಿ. ಫ್ರಾನ್ಸಿನಲ್ಲಿ ಕ್ರೆಪೋನ್ ಮತ್ತು ಸಂಗಡಿಗರು ಉದ್ಯೋಗ ಹುಡುಕಿಕೊಡುವ ನೆರವನ್ನ 235 ಪ್ರದೇಶಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಹಂಚಿ ನೋಡಿದರು, 2013ರಲ್ಲಿ ಪ್ರಕಟಿಸಿದರು. ನೆರವು ಪಡೆದವರ ಲಾಭದ ಒಂದು ಭಾಗ ಪಡೆಯದವರ ನಷ್ಟದಿಂದ ಬಂದಿತ್ತು.

ಗುಮ್ಮಟನಗರಿ
ಯುವನಿಧಿ ಬಗ್ಗೆ ಯಾರೂ ಅಂದಿಲ್ಲ. 2024ರ ಜನವರಿಯಿಂದ ಕೆಲಸ ಇಲ್ಲದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದ ತನಕ. ಕೆಲಸ ಸಿಕ್ಕರ ನಿಲ್ತದ. ಸರ್ಕಾರಿ ಕಚೇರಿಯಿಂದ ಫೋನ್ ಬಂದು 'ಕೆಲಸ ಸಿಕ್ತೇನು' ಅಂದ್ರ ಮಂದಿ ಇಲ್ಲ ಅಂತಾರ. ತರಬೇತಿ ಸಂಸ್ಥೆಯವರು ಫೋನ್ ಮಾಡಿದ್ರ ಮುಲಾಜಿಗೆ ಹೌದು ಅಂತಾರ. ಕೇಳಾಕ ಕಾಲೇಜಿನ ಹುಡುಗರನ್ನ ಹಚ್ರಿ, ಹೆಸರು ಕಚೇರಿಗೆ ಹೋಗೂದಿಲ್ಲ ಅಂತ ಮೊದಲ ಹೇಳ್ರಿ.

ಹಿರಣ್ಯಕೇಶಿ_ದಂಡಿ
ಎಲ್ಲಾ ಹಿಡಿದ ಮ್ಯಾಲೆ ಲಾಭ-ಖರ್ಚು ಒಂದ ಹಾಳೆಯೊಳಗ ಹೆಂಗ ತರೂದ್ರಿ?

ಖಾತೆಪುಸ್ತಕ
ಮತ್ತೆ ಕಲ್ಪಿತ ಅಂಕಿ. ಕೆಲಸ ಇಲ್ಲದವರನ್ನ ಸೊನ್ನೆ ಅಂತ ಹಿಡಿದೇ ಸರಾಸರಿ ತೆಗೆಯಿರಿ. ತರಬೇತಿ ಗುಂಪಿನ ಸರಾಸರಿ ಗಳಿಕೆ ತಿಂಗಳಿಗೆ 7,400, ಇನ್ನೊಂದು ಗುಂಪಿನದ್ದು 6,500 ಅನ್ನಿ. ವ್ಯತ್ಯಾಸ 900, ವರ್ಷಕ್ಕೆ 10,800.

ಖರ್ಚಿನ ಕಡೆ ಸರ್ಕಾರದ್ದು ತಲಾ 17,200. ಕಲಿಯುವವರು ಕಳೆದುಕೊಂಡ ಕೂಲಿಯೂ ಖರ್ಚೇ. 75 ದಿನದ ತರಗತಿಯಲ್ಲಿ ಅರ್ಧದಷ್ಟು ದಿನ, 37 ಅನ್ನಿ, ಅವರಿಗೆ ಕೂಲಿ ಸಿಗುತ್ತಿತ್ತು ಅಂತಾದರೆ, 2025-26ರ ನರೇಗಾ ದರ 370ರಂತೆ 13,690. ಒಟ್ಟು 30,890. ಸ್ಟೈಪೆಂಡ್ ಕೊಟ್ಟಿದ್ದರೆ ಸರ್ಕಾರದ ಲೆಕ್ಕದಲ್ಲಿ ಖರ್ಚು, ಕಲಿಯುವವರ ಲೆಕ್ಕದಲ್ಲಿ ಜಮಾ. ಸಮಾಜದ ಒಟ್ಟು ಲೆಕ್ಕದಲ್ಲಿ ಎರಡೂ ಹೊಡೆದುಹೋಗುತ್ತವೆ, ಎರಡು ಸಲ ಬರೆಯಬೇಡಿ.

8% ಬಡ್ಡಿಯಲ್ಲಿ ಇಂದಿನ ಬೆಲೆಗೆ ಇಳಿಸಿದರೆ, ಆ 10,800 ಮೂರು ವರ್ಷ ಕುಂದದೆ ಬಂದರೆ 27,833, ಇನ್ನೂ ನಷ್ಟ. ಐದು ವರ್ಷ ಬಂದರೆ 43,121, ಲಾಭ. ವರ್ಷವರ್ಷಕ್ಕೂ ಅರ್ಧಕ್ಕೆ ಕುಸಿದರೆ ಮೂರು ವರ್ಷಕ್ಕೆ 16,773, ಸರ್ಕಾರದ ಖರ್ಚೂ ಹುಟ್ಟಲಿಲ್ಲ. ಗಳಿಕೆ ಎಷ್ಟು ವರ್ಷ ನಿಲ್ಲುತ್ತದೆ ಅನ್ನೋದೇ ಇಲ್ಲಿ ಎಲ್ಲವನ್ನೂ ತಿರುಗಿಸುತ್ತದೆ. ಮೂರು ಸಾಲನ್ನೂ ಸಮಿತಿಗೆ ತೋರಿಸಿ, ಒಂದನ್ನೇ ಆರಿಸಿ ಕೊಡಬೇಡಿ.

ಹಿರಣ್ಯಕೇಶಿ_ದಂಡಿ
ಬಾಳ ಉಪಕಾರ ಆತ್ರಿ. ಸಿಎನ್‌ಸಿ ಬಂದ್ ಮಾಡ್ರಿ ಅನ್ನೋ ಸಾಲು ಟಿಪ್ಪಣಿಯಿಂದ ತಗೀತೀನಿ. ಎರಡಕ್ಕೂ ಒಂದೇ ಅಳತಿ, ಒಂದೇ ತಿಂಗಳು, ಎರಡು ವರ್ಷ ಹಿಂಬಾಲಿಸೂದು ಅಂತ ಬರೀತೀನಿ. ಸೀಟು ಸಿಗದವರ ಪಟ್ಟಿ ಹಳೇ ಅರ್ಜಿಯಿಂದ ಸಿಗ್ತೈತಿ, ಆದ್ರ ಬಾಳ ಮಂದಿ ಗೋವಾ, ಪುಣೆ ಕಡೆ ಹೋಗ್ಯಾರ, ಫೋನ್ ಹತ್ತೂದಿಲ್ಲ. ಸಿಕ್ಕವರ ಮ್ಯಾಲೆ ಲೆಕ್ಕ ಮಾಡಿದ್ರ ಆತಲ್ರಿ?

ನಡುಗೆರೆ
ಆಗದು. 30-30ರಲ್ಲಿ ತರಬೇತಿ ಗುಂಪಿನ 4 ಮಂದಿ, ಇನ್ನೊಂದರ 9 ಮಂದಿ ಸಿಗಲಿಲ್ಲ ಅನ್ನಿ. ಸಿಕ್ಕವರಲ್ಲಿ 26ಕ್ಕೆ 15, 21ಕ್ಕೆ 10 ದುಡಿಯುತ್ತಿದ್ದರೆ ಶೇಕಡಾ ಹತ್ತು ಅಂಶ ಲಾಭ ಕಾಣುತ್ತದೆ. ಆದರೆ ಸಿಗದ ಆ 9 ಮಂದಿ ಗೋವಾದಲ್ಲಿ ದುಡಿಯುತ್ತಿದ್ದು, ನಿಮ್ಮ 4 ಮಂದಿ ಖಾಲಿ ಇದ್ದರೆ, 15ಕ್ಕೆ ಎದುರು 19, ಅಂದರೆ 13 ಅಂಶ ನಷ್ಟ. ಉಲ್ಟಾ ಆಗಿದ್ದರೆ 30 ಅಂಶ ಲಾಭ. ಎರಡೂ ತುದಿ ವರದಿಯಲ್ಲಿ ಬರೆಯಿರಿ. ಮುಂದಿನ ಬ್ಯಾಚಿನಿಂದ ಅರ್ಜಿ ನಮೂನೆಯಲ್ಲೇ ಮೂರು ನಂಬರ್ ತಗೊಳ್ಳಿ: ಸ್ವಂತದ್ದು, ಮನೆಯಲ್ಲಿ ಉಳಿಯುವವರದ್ದು, ಊರಿನ ಪಕ್ಕದ ಮನೆಯದ್ದು. ಸೀಟು ಸಿಗದವರಿಂದಲೂ ತಗೊಳ್ಳಿ.

ಸೂಜಿದಾರ
ಹೆಣ್ಣುಮಕ್ಕಳದ್ದಾದರೆ ತವರಿನ ನಂಬರ್ ಬೇರೆ, ಗಂಡನ ಮನೆಯ ನಂಬರ್ ಬೇರೆ ತಗೊಳ್ಳಿ. ಲಗ್ನ ಆಗಿ ಊರು ಬದಲಾದ ಮೇಲೆ ಹಳೇ ಸಿಮ್ ಇರುವುದಿಲ್ಲ.